ಗುಟ್ಟೆಲ್ಲ ಬಿಚ್ಚಿಟ್ಟ ಪುಸ್ತಕ

ಹದಿನೆಂಟನೇ ಅಧ್ಯಾಯ ಓದುತ್ತಾ ಓದುತ್ತಾ ಕುರ್ಚಿಯಿಂದ ಎದ್ದು ನಿಂತುಬಿಟ್ಟೆ! ಓದುತ್ತಿದ್ದದ್ದು ಪತ್ತೇದಾರಿ ಕಾದಂಬರಿಯಲ್ಲ. 1982ರಲ್ಲಿ ಇಂಗ್ಲೆಂಡಿನ ಸಿಂಕ್ಲೇರ್ ಕಂಪನಿ ತನ್ನ ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಜೊತೆ ಕೊಟ್ಟ ಕೈಪಿಡಿ. ಟಿವಿಗೆ ಸಿಕ್ಕಿಸಿ, ರಬ್ಬರ್ ಕೀಲಿ ಒತ್ತಿ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ ಪುಟ್ಟ ಕಂಪ್ಯೂಟರ್ ಅದು. ಮೆಮೊರಿ 16 ಇಲ್ಲವೇ 48 ಕಿಲೋಬೈಟ್, ಅಷ್ಟೇ.

ಆ ಅಧ್ಯಾಯದಲ್ಲಿ ಗಡಿಯಾರ ಮಾಡುವ ಪಾಠವಿದೆ. ಯಂತ್ರದೊಳಗೆ ಸೆಕೆಂಡಿಗೆ 50ರಂತೆ ಒಂದು ಎಣಿಕೆ ತಾನೇ ತಾನಾಗಿ ಏರುತ್ತಿರುತ್ತದಂತೆ. ಅದು ಕೂತಿರುವ ಮೂರು ಮನೆಗಳ ವಿಳಾಸ 23672, 23673, 23674. ಪೀಕ್ ಆಜ್ಞೆ ಕೊಟ್ಟು ಯಾರು ಬೇಕಾದರೂ ಇಣುಕಬಹುದು! 3 ದಿನ 21 ಗಂಟೆಯಾದ ಮೇಲೆ ಎಣಿಕೆ ಸೊನ್ನೆಗೆ ಮರಳುತ್ತದೆ, ಬೀಪ್ ಸದ್ದು ಮಾಡಿದರೆ ಅಷ್ಟು ಹೊತ್ತು ನಿಲ್ಲುತ್ತದೆ ಎಂದು ತನ್ನ ಯಂತ್ರದ ಮಿತಿಯನ್ನೂ ಪುಸ್ತಕವೇ ಹೇಳುತ್ತದೆ.

ನಾನು ಎದ್ದು ನಿಂತದ್ದು ಮುಂದಿನ ಪ್ಯಾರಾಕ್ಕೆ. ಮೂರು ಮನೆಗಳನ್ನು ಒಂದಾದ ಮೇಲೊಂದು ಓದಬೇಕಲ್ಲ? ದೊಡ್ಡ ಅಂಕಿ ಓದಿಯಾಯಿತು, ಚಿಕ್ಕದನ್ನು ಓದುವಷ್ಟರಲ್ಲಿ ಅದು 255 ದಾಟಿ ಸೊನ್ನೆಯಾಯಿತು ಅನ್ನಿ. ಸಿಗುವ ಹೊತ್ತು ಐದು ಸೆಕೆಂಡಿಗೂ ಹೆಚ್ಚು ಹಿಂದಿನದು! ಪರಿಹಾರ ಎಷ್ಟು ಸರಳ ನೋಡಿ: ಎರಡು ಸಲ ಓದಿ, ದೊಡ್ಡದನ್ನು ಇಟ್ಟುಕೊಳ್ಳಿ. ಇಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ರೇಸ್ ಕಂಡೀಷನ್ ಎಂದು ಪಾಠ ಮಾಡುವ ಜಾತಿಯ ತೊಡಕು ಇದು. ಇದನ್ನು ಶಾಲೆಗೆ ಹೋಗುವ ಮಕ್ಕಳ ಕೈಗೆ ಕೊಟ್ಟಿದ್ದರು! ಬರೆದವರು ಸ್ಟೀವನ್ ವಿಕರ್ಸ್. ಯಂತ್ರದೊಳಗಿನ ಬೇಸಿಕ್ಕಿನ ಬಹುಪಾಲನ್ನು ಬರೆದವರೂ ಅವರೇ. ಕಟ್ಟಿದವರೇ ಕೈಹಿಡಿದು ಒಳಗೆಲ್ಲ ಸುತ್ತಾಡಿಸಿದರೆ ಹೀಗಿರುತ್ತದೆ.

ಇನ್ನೂ ಇದೆ! ನಮಗೆ ಬೇಕಾದ 21 ಅಕ್ಷರಚಿತ್ರಗಳನ್ನು ನಾವೇ ಕೆತ್ತಬಹುದು. ಎಂಟು ಸಾಲು, ಸಾಲಿಗೆ ಎಂಟು ಚುಕ್ಕಿ. ಬೇಕಾದಲ್ಲಿ 1, ಬೇಡವಾದಲ್ಲಿ 0. ಕೈಪಿಡಿಯ ಉದಾಹರಣೆ ಗ್ರೀಕರ ಪೈ. ನಾನು ಲ್ಯಾಪ್‌ಟಾಪಿನ ಎಮ್ಯುಲೇಟರಿನಲ್ಲಿ ಠ ಬರೆದೆ. ಐದನೇ ಸಾಲು 10011001: ಅಂಚಿನ ಒಂದುಗಳು ದುಂಡು, ನಡುವಿನ ಜೋಡಿ ಹೊಟ್ಟೆಯೊಳಗಿನ ಚುಕ್ಕೆ. ಪ್ರಿಂಟ್ ಅಂದೆ, ಠ ಬಂತು! ಕನ್ನಡದ ಗಂಧಗಾಳಿಯಿಲ್ಲದ ಯಂತ್ರದ ಪರದೆಯ ಮೇಲೆ ನಮ್ಮ ಠ!

ಆದರೆ ನಮ್ಮ ವರ್ಣಮಾಲೆಗೆ 21 ಜಾಗ ಎಲ್ಲಿ ಸಾಲುತ್ತದೆ? ಮತ್ತೆ ಪುಟ ತಿರುವಿದೆ. 25ನೇ ಅಧ್ಯಾಯದ ಪಟ್ಟಿಯಲ್ಲಿ 23606 ಎಂಬ ವಿಳಾಸ ಸಿಕ್ಕಿತು. ಪರದೆಯ ಮೇಲೆ ಮೂಡುವ ಅಷ್ಟೂ ಇಂಗ್ಲಿಷ್ ಅಕ್ಷರ, ಅಂಕಿ, ಚಿಹ್ನೆಗಳ ರೂಪ ಎಲ್ಲಿದೆ ಎಂಬುದನ್ನು ಯಂತ್ರ ನೋಡಿಕೊಳ್ಳುವುದು ಅಲ್ಲಿ. ಅದನ್ನು ಬದಲಿಸಿ, ನಿಮ್ಮದೇ ಅಕ್ಷರಗಳ ಕಡೆ ತಿರುಗಿಸಬಹುದು ಎನ್ನುತ್ತದೆ ಪುಸ್ತಕ. 96 ಜಾಗ! ಅ ಇಂದ ಶುರು ಮಾಡಿದ್ದೇನೆ.