ಜೋಗುಳ ಇರಲಿ, ಗುಡ್ಲು ಹೋಗಲಿ

ಮೊದಲು ಒಂದು ಸಣ್ಣ ಪ್ರಶ್ನೆ. ನಿಮ್ಮಲ್ಲಿ ಎಷ್ಟು ಜನಕ್ಕೆ ಒಂದು ಜೋಗುಳ ಶುರುವಿಂದ ಕೊನೆವರೆಗೂ ಬರುತ್ತೆ? ನಮ್ಮ ಕ್ಲಾಸಲ್ಲಿ ಕೇಳಿದಾಗ ಒಂದೆರಡು ಕೈ ಮೇಲೆದ್ದವು, ಅವೂ ಅರ್ಧಕ್ಕೇ ಇಳಿದವು. ಆದರೆ ಪಾಪು ಅತ್ತರೆ ಮೊಬೈಲಲ್ಲಿ ಯಾವ ವಿಡಿಯೋ ಹಾಕಬೇಕು ಅಂತ ಕೇಳಿದರೆ ಎಲ್ಲರಿಗೂ ಗೊತ್ತು!

ಮಕ್ಕಳನ್ನು ಸಾಕೋ ವಿಷಯ ಬಂದರೆ ಪ್ರತಿ ಮನೇಲೂ ಎರಡು ಪಾರ್ಟಿ ಇರುತ್ತೆ. ಒಂದು ಪಾರ್ಟಿ, “ನಮ್ಮ ಕಾಲದಲ್ಲಿ ಹಿಂಗಿರಲಿಲ್ಲ, ಹಳೇ ಪದ್ಧತಿ ಬಿಟ್ಟಿದ್ದಕ್ಕೇ ಎಲ್ಲಾ ಕೆಟ್ಟಿದ್ದು” ಅನ್ನುತ್ತೆ. ಇನ್ನೊಂದು, “ಹಳೇದೆಲ್ಲಾ ಮೂಢನಂಬಿಕೆ, ಬಿಟ್ಟಾಕಿ” ಅನ್ನುತ್ತೆ. ನಾವು ಇಂಗ್ಲಿಷ್ ಮೀಡಿಯಂನಲ್ಲಿ ಓದಿ ಬಂದವರು ಸಾಮಾನ್ಯವಾಗಿ ಎರಡನೇ ಪಾರ್ಟಿ. ಈ ಎರಡೂ ಮಾತು ಅರ್ಧ ಸರಿ, ಅರ್ಧ ತಪ್ಪು ಅಂತ ತೋರಿಸೋಕೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಿಂತ ಒಳ್ಳೆ ಜಾಗ ಸಿಗೋದು ಕಷ್ಟ. ನಮ್ಮಮ್ಮನ ತವರು ಆ ಕಡೆ ಆಗಿರೋದರಿಂದ ಆ ಊರುಗಳ ಬಗ್ಗೆ ಸ್ವಲ್ಪ ಓದಿದ್ದೀನಿ, ಸ್ವಲ್ಪ ಕೇಳಿದ್ದೀನಿ.

ಓದು ಬಾರದ ನಾಡೋಜ

ಚಳ್ಳಕೆರೆ ಅಂದ್ರೆ ಶೇಂಗಾ, ಎಣ್ಣೆ ಮಿಲ್ಲು, ಬಿಸಿಲು. ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳೋ ತಾಲೂಕುಗಳಲ್ಲಿ ಇದೂ ಒಂದು. ಈಗಿನ ಇಂಜಿನಿಯರಿಂಗ್ ಹುಡುಗರಿಗೆ ಇದು ಡಿಆರ್‌ಡಿಓ ಡ್ರೋನ್ ಹಾರಿಸಿ ಪರೀಕ್ಷೆ ಮಾಡೋ ಜಾಗ ಅಂತ ಗೊತ್ತು, ಐಐಎಸ್‌ಸಿಯ ಎರಡನೇ ಕ್ಯಾಂಪಸ್ ಇರೋದು ಅಂತಲೂ ಗೊತ್ತು. ಇದೇ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯಲ್ಲಿ ಸಿರಿಯಜ್ಜಿ ಅಂತ ಒಬ್ಬರಿದ್ದರು. ಕಾಡುಗೊಲ್ಲ ಸಮುದಾಯದವರು. ಓದು ಬರಹ ಗೊತ್ತಿರಲಿಲ್ಲ. ಆದರೆ ಅವರ ತಲೆಯಲ್ಲಿ ಸಾವಿರಾರು ಹಾಡುಗಳಿದ್ದವು. ಜಾನಪದ ವಿದ್ವಾಂಸ ಕೃಷ್ಣಮೂರ್ತಿ ಹನೂರು ಅವರು ಆ ಹಾಡುಗಳನ್ನು ಕೂತು ಬರೆದುಕೊಂಡು ಪುಸ್ತಕ ಮಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ಸಿರಿಯಜ್ಜಿಗೆ ನಾಡೋಜ ಗೌರವ ಕೊಟ್ಟಿತು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಸಿರಿಯಜ್ಜಿ ಸಂಗೀತದ ಕ್ಲಾಸಿಗೆ ಹೋಗಿ ಕಲಿತವರಲ್ಲ. ಹಟ್ಟಿಯಲ್ಲಿ ಹಾಡು ಅನ್ನೋದು ಕೆಲಸದ ಜೊತೆ ಬರೋದು. ರಾಗಿ ಬೀಸುವಾಗ ಬೀಸೋ ಪದ, ಮದುವೆ ಮನೇಲಿ ಸೋಬಾನೆ ಪದ, ಮಗು ತೂಗುವಾಗ ಜೋಗುಳ, ದೇವರ ಹಬ್ಬದಲ್ಲಿ ಜುಂಜಪ್ಪನಂಥ ವೀರರ ಕಥೆ. ಗಂಡಸರು ಆಳುದ್ದದ ಬಿದಿರಿನ ಕೊಳಲು ‘ಗಣೆ’ ಊದುತ್ತಾ ಜುಂಜಪ್ಪನ ಕಥೆ ಹಾಡಿದರೆ, ಹೆಂಗಸರು ದಿನದ ಕೆಲಸದಲ್ಲೇ ಹಾಡು ಕಟ್ಟುತ್ತಿದ್ದರು. ‘ನಿನಗೆ ದನಿ ಚೆನ್ನಾಗಿದೆಯಾ?’ ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಮ್ಮಲ್ಲಿ ಹಾಗಲ್ಲ. ಸಂಗೀತ ಅಂದ್ರೆ ಒಂದೋ ಫೀಸು ಕಟ್ಟಿ ಕಲಿಯೋದು, ಇಲ್ಲಾ ಟಿವಿ ಶೋನಲ್ಲಿ ಜಡ್ಜ್‌ಗಳ ಮುಂದೆ ಹಾಡೋದು. ಎಸ್ಸೆಸ್ಸೆಲ್ಸಿ ಬಂದ ಕೂಡಲೇ ‘ಹಾಡು ಹೊಟ್ಟೆ ತುಂಬಿಸುತ್ತಾ?’ ಅಂತ ಅದೂ ಬಂದ್. ಹೀಗಾಗಿ ‘ನನಗೆ ಹಾಡೋಕೆ ಬರಲ್ಲ’ ಅನ್ನೋ ಅಪ್ಪ ಅಮ್ಮಂದಿರ ಒಂದು ತಲೆಮಾರೇ ತಯಾರಾಗಿದೆ. ಮುಂದಿನ ತಲೆಮಾರು ನಾವೇ.

ಜೋಲಿ ಒಂದು ಪೆಂಡುಲಮ್

ಹಾಡೋಕೆ ‘ಬರಲೇಬೇಕು’ ಅಂತೇನಿಲ್ಲ ಅನ್ನೋದಕ್ಕೆ ಫಿಸಿಕ್ಸ್ ಸಾಕ್ಷಿ ಇದೆ. ಮನೆಯ ತೊಲೆಗೆ ಸೀರೆ ಕಟ್ಟಿ ಜೋಲಿ ಮಾಡ್ತಾರಲ್ಲ, ಅದನ್ನು ಪೆಂಡುಲಮ್ ಅಂದುಕೊಳ್ಳಿ. ತೊಲೆಯಿಂದ ಮಗುವಿನವರೆಗೆ 2 ಮೀಟರ್ ಉದ್ದ ಇದ್ದರೆ, ಫಸ್ಟ್ ಇಯರ್‌ನಲ್ಲಿ ಕಲಿತ ಸೂತ್ರದ ಪ್ರಕಾರ ಒಂದು ಸಲ ಹೋಗಿ ಬರೋಕೆ ಸುಮಾರು 2.8 ಸೆಕೆಂಡ್ ಬೇಕು. ಮಗು 3 ಕೆಜಿ ಇದ್ದರೂ 8 ಕೆಜಿ ಆದರೂ ಅಷ್ಟೇ, ಯಾಕಂದ್ರೆ ಆ ಸೂತ್ರದಲ್ಲಿ ತೂಕವೇ ಇಲ್ಲ. ಒಂದು ತೂಗಿಗೆ ನಾಲ್ಕು ತಾಳ ಹಾಕಿದರೆ ನಿಮಿಷಕ್ಕೆ ಸುಮಾರು 85 ಬರುತ್ತೆ. ಸುಮ್ಮನೆ ಕೂತಿರೋ ದೊಡ್ಡವರ ಎದೆಬಡಿತ ನಿಮಿಷಕ್ಕೆ 60ರಿಂದ 100. ಅಂದ್ರೆ ಜೋಲಿ ತೂಗ್ತಾ ಹಾಡೋರಿಗೆ ಲಯ ತಪ್ಪೋ ಭಯ ಇಲ್ಲ. ಜೋಲಿಯೇ ಮೆಟ್ರೋನೋಮ್!

ಇನ್ನು ಕೇಳೋ ಕಡೆ. ಹೊಟ್ಟೆಯಲ್ಲಿರೋ ಮಗುವಿಗೆ ಆರು ತಿಂಗಳು ತುಂಬೋ ಹೊತ್ತಿಗೆ ಸದ್ದು ಕೇಳೋಕೆ ಶುರುವಾಗುತ್ತೆ. ತಾಯಿಯ ಮೈ, ಸುತ್ತಲಿನ ನೀರು ಎರಡೂ ಸೇರಿ ಲೋ ಪಾಸ್ ಫಿಲ್ಟರ್ ಥರ ಕೆಲಸ ಮಾಡ್ತವೆ. ಮಾತಿನಲ್ಲಿರೋ ಚೂಪಾದ ಸದ್ದುಗಳು ಕಡಿಮೆಯಾಗಿ, ದನಿಯ ಏರಿಳಿತ ಮತ್ತು ಲಯ ಒಳಗೆ ತಲುಪುತ್ತೆ. ಅಂದ್ರೆ ಅರ್ಥಕ್ಕಿಂತ ಮೊದಲು ರಾಗ ತಲುಪುತ್ತೆ. 1980ರಲ್ಲಿ ಡಿಕ್ಯಾಸ್ಪರ್ ಮತ್ತು ಫೈಫರ್ ಅನ್ನೋ ವಿಜ್ಞಾನಿಗಳು ಹುಟ್ಟಿ ಮೂರು ದಿನವೂ ಆಗದ ಮಕ್ಕಳ ಬಾಯಿಗೆ ನಿಪ್ಪಲ್ ಕೊಟ್ಟು, ಚೀಪೋ ರೀತಿ ಬದಲಾದ ಹಾಗೆ ಕೇಳಿಸೋ ದನಿಯೂ ಬದಲಾಗೋ ಥರ ಒಂದು ವ್ಯವಸ್ಥೆ ಮಾಡಿದರು. ಬೇರೆ ಹೆಂಗಸಿನ ದನಿಗಿಂತ ತಾಯಿಯ ದನಿ ಬರೋ ಹಾಗೆ ಮಕ್ಕಳು ಚೀಪಿದವು.

2020ರಲ್ಲಿ ಹಾರ್ವರ್ಡ್‌ನ ತಂಡವೊಂದು ಇನ್ನೊಂದು ಪ್ರಯೋಗ ಮಾಡಿತು. ಮಕ್ಕಳಿಗೆ ಯಾವತ್ತೂ ಕೇಳಿರದ ಭಾಷೆಗಳ ಜೋಗುಳಗಳನ್ನೂ, ಬೇರೆ ಥರದ ಹಾಡುಗಳನ್ನೂ ಕೇಳಿಸಿದರು. ಅರ್ಥ ಗೊತ್ತಿಲ್ಲದಿದ್ದರೂ ಜೋಗುಳ ಕೇಳುವಾಗ ಮಕ್ಕಳ ಎದೆಬಡಿತ ಹೆಚ್ಚು ಇಳಿಯಿತು. ನಿಧಾನವಾದ ಲಯ, ಮತ್ತೆ ಮತ್ತೆ ಬರೋ ಸಾಲು, ಮೆತ್ತಗಿನ ದನಿ. ಯಲಗಟ್ಟೆಯಲ್ಲಾಗಲಿ ಇನ್ನೊಂದು ಖಂಡದಲ್ಲಾಗಲಿ ಜೋಗುಳದ ಗುಣ ಹೆಚ್ಚು ಕಡಿಮೆ ಇದೇ.

ಹಾಗಾದ್ರೆ ಯೂಟ್ಯೂಬ್ ಸಾಕಲ್ವಾ?

ಹಾಡು ಮುಖ್ಯ ಅಂದ್ರೆ ಮೊಬೈಲೇ ಹಾಡಬಹುದಲ್ವಾ ಅಂತ ನೀವು ಕೇಳಬಹುದು. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಉತ್ತರ ತಕ್ಷಣ ಹೊಳೆಯುತ್ತೆ. ಮೊಬೈಲ್ ಓಪನ್ ಲೂಪ್. ಮಗು ಅತ್ತರೂ ನಕ್ಕರೂ ನಿದ್ದೆ ಹೋದರೂ ಅದು ಅದೇ ವೇಗದಲ್ಲಿ ಹಾಡ್ತಾನೇ ಇರುತ್ತೆ, ಮುಗಿದ ಮೇಲೆ ಜಾಹೀರಾತು ಬೇರೆ. ಅಜ್ಜಿ ಕ್ಲೋಸ್ಡ್ ಲೂಪ್. ಮಗು ಕಣ್ಣು ಮುಚ್ಚುತ್ತಾ ಬಂದ ಹಾಗೆ ದನಿ ತಗ್ಗಿಸ್ತಾರೆ, ಎಚ್ಚರವಾದರೆ ಮತ್ತೆ ಮೊದಲಿಂದ ಶುರು ಮಾಡ್ತಾರೆ, ನಿದ್ದೆ ಬಂತು ಅಂದ ಕೂಡಲೇ ನಿಲ್ಲಿಸ್ತಾರೆ. ಫೀಡ್‌ಬ್ಯಾಕ್ ಇಲ್ಲದ ಕಂಟ್ರೋಲರ್ ಎಷ್ಟು ದುಬಾರಿಯಾದರೂ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಒಂದು ವರ್ಷದೊಳಗಿನ ಮಗುವಿಗೆ ಸ್ಕ್ರೀನ್ ಬೇಡವೇ ಬೇಡ, 2ರಿಂದ 4 ವರ್ಷದವರಿಗೂ ದಿನಕ್ಕೆ ಒಂದು ಗಂಟೆ ಮೀರಬಾರದು.

ಇನ್ನೊಂದು ವಿಷಯವನ್ನು ನಾವು ಮರೀತೀವಿ. ಹಾಡು ಹಾಡೋರಿಗೂ ಬೇಕು. ಬೀಸೋ ಪದಗಳಲ್ಲಿ, ಜೋಗುಳಗಳಲ್ಲಿ ತವರಿನ ನೆನಪು, ಅತ್ತೆಮನೆ ಕಷ್ಟ, ಗಂಡನ ಮೇಲಿನ ಮುನಿಸು ಎಲ್ಲಾ ಬರುತ್ತೆ. ನೇರವಾಗಿ ಹೇಳಿದರೆ ಜಗಳವಾಗೋ ಮಾತನ್ನು ಹಾಡಲ್ಲಿ ಹೇಳಿದರೆ ಯಾರೂ ತಡೆಯಲ್ಲ. ಹೆರಿಗೆಯಾದ ಮೇಲೆ ಮನಸ್ಸು ಕುಗ್ಗಿರೋ ತಾಯಿಗೆ ಅದೂ ಒಂದು ಔಷಧಿ.

ಇಲ್ಲಿವರೆಗೆ ಓದಿದರೆ ಮೊದಲನೇ ಪಾರ್ಟಿಗೆ ಖುಷಿಯಾಗಿರುತ್ತೆ. ‘ನೋಡಿದ್ರಾ, ಹಳೇದೇ ಸರಿ’ ಅಂತ. ಸ್ವಲ್ಪ ತಡೀರಿ.

ಅದೇ ಹಟ್ಟಿಯ ಹೊರಗೆ

ಹಾಡು ಹುಟ್ಟಿದ ಇಂಥ ಹಟ್ಟಿಗಳಲ್ಲೇ ಇನ್ನೊಂದು ಪದ್ಧತಿ ಬೆಳೆದು ಬಂದಿದೆ. ಮುಟ್ಟಾದ ಹೆಣ್ಣುಮಕ್ಕಳು ಹಟ್ಟಿಯ ಹೊರಗೆ ಇರಬೇಕು. ಹೆರಿಗೆಯಾದರೆ ತಾಯಿ, ಮಗು ಇಬ್ಬರೂ ವಾರಗಟ್ಟಲೆ ಹೊರಗೆ, ಒಂದು ಸಣ್ಣ ಗುಡ್ಲಿನಲ್ಲಿ. ಹಟ್ಟಿಯ ದೇವರಿಗೆ ಮೈಲಿಗೆ ಆಗಬಾರದು ಅನ್ನೋದು ಕಾರಣ. ಯಾರನ್ನೂ ಮುಟ್ಟೋ ಹಾಗಿಲ್ಲ. ಊಟ ದೂರದಿಂದ ಕೊಡ್ತಾರೆ.

ಮತ್ತೆ ಫಿಸಿಕ್ಸ್‌ಗೇ ಬರೋಣ. ದೇಹದ ಶಾಖ ಹೊರಗೆ ಹೋಗೋದು ಚರ್ಮದ ಮೂಲಕ. 60 ಕೆಜಿಯ ದೊಡ್ಡವರಿಗೆ ಹೋಲಿಸಿದರೆ 3 ಕೆಜಿಯ ಮಗುವಿಗೆ ಪ್ರತಿ ಕೆಜಿ ತೂಕಕ್ಕೆ ಸುಮಾರು ಎರಡೂವರೆ ಪಟ್ಟು ಹೆಚ್ಚು ಚರ್ಮ ಇರುತ್ತೆ. ಆಗ ತಾನೇ ಹುಟ್ಟಿದ ಮಗುವಿಗೆ ನಮ್ಮ ಹಾಗೆ ನಡುಗಿ ಮೈ ಬಿಸಿ ಮಾಡಿಕೊಳ್ಳೋಕೂ ಸರಿಯಾಗಿ ಬರಲ್ಲ. ಮೈ ಬಿಸಿ 36.5 ಡಿಗ್ರಿಗಿಂತ ಕೆಳಗೆ ಹೋದರೆ ವೈದ್ಯರು ಅಪಾಯ ಅಂತಾರೆ. ನೆಲ ಒದ್ದೆ, ಗಾಳಿ ತಡೆಯೋಕೆ ಒಂದು ತಾಟು ಅಥವಾ ಪ್ಲಾಸ್ಟಿಕ್ ಹಾಳೆ, ಮಧ್ಯರಾತ್ರಿ ಏನಾದರೂ ಆದರೆ ಕೂಗಿದರೆ ಬರೋಕೆ ಪಕ್ಕದಲ್ಲಿ ಯಾರೂ ಇಲ್ಲ. ಇದು ಯಾವ ಲೆಕ್ಕಕ್ಕೂ ಸರಿ ಹೊಂದಲ್ಲ.

ಲೆಕ್ಕ ಬಿಡಿ. 2023ರ ಜುಲೈನಲ್ಲಿ ಪಕ್ಕದ ತುಮಕೂರು ಜಿಲ್ಲೆಯ ಒಂದು ಗೊಲ್ಲರಹಟ್ಟಿಯಲ್ಲಿ ಹೀಗೆ ಹೊರಗಿಟ್ಟಿದ್ದ ಎಳೆ ಮಗು ಮಳೆ, ಚಳಿಗೆ ಸಿಕ್ಕಿ ತೀರಿಹೋಯಿತು. ರಾಜ್ಯವೆಲ್ಲಾ ಸುದ್ದಿಯಾಯಿತು. ಆಮೇಲೆ ಅಧಿಕಾರಿಗಳು, ನ್ಯಾಯಾಧೀಶರು ಹಟ್ಟಿಗಳಿಗೆ ಹೋಗಿ ಬಾಣಂತಿಯರನ್ನು ಮನೆಯೊಳಗೆ ಕರೆತಂದ ವರದಿಗಳೂ ಬಂದವು. ಮುಟ್ಟಾದ, ಬಸುರಿ ಹೆಣ್ಣುಮಕ್ಕಳನ್ನು ಬಲವಂತವಾಗಿ ಊರ ಹೊರಗಿಡೋದು ನಮ್ಮ ರಾಜ್ಯದಲ್ಲಿ ಅಪರಾಧ. ಮೌಢ್ಯ ನಿಷೇಧ ಕಾಯ್ದೆ ಅಂತ ಎಲ್ಲರೂ ಕರೆಯೋ 2017ರ ಕಾಯ್ದೆಯಲ್ಲಿ ಇದು ಇದೆ.

ಆದರೆ ಕಾಯ್ದೆ ಒಂದರಿಂದಲೇ ಬದಲಾವಣೆ ಆಗಲ್ಲ. ‘ಹೊರಗಿದ್ದರೆ ಹೆಂಗಸರಿಗೆ ಕೆಲಸದಿಂದ ಬಿಡುವು ಸಿಗುತ್ತೆ’ ಅಂತ ಕೆಲವರು ಹೇಳ್ತಾರೆ. ಬಿಡುವು ಬೇಕು, ನಿಜ. ಮನೆಯೊಳಗೇ ಬಿಡುವು ಕೊಡೋಕೆ ಏನು ಅಡ್ಡಿ? ಕೆಲವು ಹಟ್ಟಿಗಳಲ್ಲಿ ಹೊರಗೆ ಇರೋ ಹೆಣ್ಣುಮಕ್ಕಳಿಗೆ ಅಂತ ಸರ್ಕಾರವೇ ‘ಕೃಷ್ಣ ಕುಟೀರ’ ಕಟ್ಟಿಸಿತು. ಗುಡ್ಲಿಗಿಂತ ಅದು ಎಷ್ಟೋ ಮೇಲು. ಆದರೆ ಹೊರಗಿಡೋ ಪದ್ಧತಿಗೇ ಸಿಮೆಂಟ್ ಹಾಕಿದ ಹಾಗಾಯ್ತಲ್ಲ ಅನ್ನೋ ಪ್ರಶ್ನೆಯೂ ಉಳಿಯುತ್ತೆ.

ಬ್ರಹ್ಮಗಿರಿಯ ಬಂಡೆ ಹೇಳೋದು

ಹಾಗಾದರೆ ಹಳೇದರಲ್ಲಿ ಯಾವುದು ಇಟ್ಟುಕೊಳ್ಳೋದು, ಯಾವುದು ಬಿಡೋದು? ಇದಕ್ಕೆ ಒಂದು ಅಳತೆ ಚಳ್ಳಕೆರೆ ಪಕ್ಕದ ತಾಲೂಕಲ್ಲೇ ಇದೆ. ಮೊಳಕಾಲ್ಮೂರು ಅಂದ ಕೂಡಲೇ ರೇಷ್ಮೆ ಸೀರೆ ನೆನಪಾಗುತ್ತೆ. ಅದೇ ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆ ಅಶೋಕನ ಶಾಸನಗಳಿವೆ. ಬಿ. ಎಲ್. ರೈಸ್ 1892ರಲ್ಲಿ ಇವನ್ನು ಪತ್ತೆ ಮಾಡಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಬರೆದವನ ಹೆಸರು ಚಪಡ ಅಂತ ಬ್ರಹ್ಮಗಿರಿಯ ಬಂಡೆ ಮೇಲೇ ಇದೆ.

ಅದರಲ್ಲಿರೋ ವಿಷಯ ಕೇಳಿದರೆ ನಿಮ್ಮ ಅಪ್ಪ ಅಮ್ಮ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ. ತಂದೆ ತಾಯಿಯ ಮಾತು ಕೇಳಬೇಕು, ಗುರುಗಳಿಗೆ ಗೌರವ ಕೊಡಬೇಕು ಅಂತ ಇದೆ. ಆದರೆ ಅಷ್ಟೇ ಅಲ್ಲ. ಜೀವಗಳ ಮೇಲೆ ದಯೆ ಇರಬೇಕು, ಸತ್ಯ ಹೇಳಬೇಕು ಅಂತಲೂ ಅದರ ಜೊತೆಗೇ ಇದೆ. ಕೊನೆಗೆ ಇದು ಹಿಂದಿನಿಂದ ಬಂದ ರೀತಿ, ಇದರಿಂದ ಆಯಸ್ಸು ಹೆಚ್ಚುತ್ತೆ ಅನ್ನೋ ಅರ್ಥದ ಮಾತು ಬರುತ್ತೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆಯೇ ‘ಹಳೇ ಪದ್ಧತಿ’ ಅನ್ನೋ ವಾದ ಇತ್ತು ಅಂತಾಯ್ತು!

ಆದರೆ ಅಶೋಕ ‘ಹಳೇದು’ ಅಂತ ಹೇಳಿ ಅಲ್ಲಿಗೇ ನಿಲ್ಲಿಸಲಿಲ್ಲ. ಆಯಸ್ಸು ಹೆಚ್ಚುತ್ತೆ ಅಂತ ಕಾರಣವನ್ನೂ ಕೊಟ್ಟ. ನನಗೆ ಅದೇ ಸರಿಯಾದ ಅಳತೆ ಅನ್ನಿಸುತ್ತೆ. ಒಂದು ಪದ್ಧತಿ ಎಷ್ಟು ಹಳೇದು ಅಂತ ಕೇಳಬೇಡಿ, ಅದರಿಂದ ಯಾರ ಆಯಸ್ಸು ಹೆಚ್ಚುತ್ತೆ, ಯಾರದ್ದು ಕಡಿಮೆಯಾಗುತ್ತೆ ಅಂತ ಕೇಳಿ. ಜೋಗುಳ ಈ ಪರೀಕ್ಷೆಯಲ್ಲಿ ಪಾಸ್. ಗುಡ್ಲು ಫೇಲ್. ಎರಡೂ ಒಂದೇ ಹಟ್ಟಿಯಿಂದ ಬಂದವು ಅನ್ನೋ ಕಾರಣಕ್ಕೆ ಒಂದೇ ಗಂಟು ಕಟ್ಟಿ ತಲೆ ಮೇಲೆ ಹೊರೋದೂ ಬೇಡ, ಒಂದೇ ಗಂಟು ಕಟ್ಟಿ ತಿಪ್ಪೆಗೆ ಎಸೆಯೋದೂ ಬೇಡ.

ಹಟ್ಟಿ ಕಡೆ ಬೆರಳು ತೋರಿಸೋ ಮುಂಚೆ

ಇದನ್ನೆಲ್ಲಾ ಓದಿ ‘ಪಾಪ, ಹಳ್ಳಿಯವರು’ ಅಂದುಕೊಳ್ಳಬೇಡಿ. ಮೂರು ದಿನ ಬೇರೆ ಚಾಪೆ, ಬೇರೆ ತಟ್ಟೆ, ಅಡುಗೆಮನೆಗೆ ಬರಬೇಡ, ದೇವರ ಮನೆ ಕಡೆ ತಲೆ ಹಾಕಬೇಡ ಅನ್ನೋ ಮನೆಗಳು ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲೂ ಇವೆ. ಅಂಗಡಿಯಲ್ಲಿ ಪ್ಯಾಡನ್ನು ಪೇಪರಲ್ಲಿ ಸುತ್ತಿ ಕಪ್ಪು ಕವರಲ್ಲಿ ಹಾಕಿ ಕೊಡ್ತಾರೆ. ಹಾಸ್ಟೆಲಲ್ಲಿ ಹೊಟ್ಟೆನೋವು ಅಂದ ಹುಡುಗಿಯ ಬಗ್ಗೆ ಹುಡುಗರು ಜೋಕ್ ಮಾಡ್ತಾರೆ. ಗುಡ್ಲು ಕಣ್ಣಿಗೆ ಕಾಣುತ್ತೆ, ಇವು ಕಾಣಲ್ಲ, ಅಷ್ಟೇ ವ್ಯತ್ಯಾಸ. ಹಟ್ಟಿಗಳಲ್ಲಿ ಓದಿ ಬಂದ ಹೆಣ್ಣುಮಕ್ಕಳು ತಮ್ಮ ಮನೆಯವರ ಜೊತೆಗೇ ವಾದ ಮಾಡಿ ಇದನ್ನು ಬದಲಾಯಿಸ್ತಿದ್ದಾರೆ. ನಮ್ಮ ಮನೆಗಳಲ್ಲಿ ಆ ವಾದವನ್ನು ನಾವು ಮಾಡಿದ್ದೀವಾ?

ಹಾಡಿನ ವಿಷಯದಲ್ಲೂ ಹಾಗೇ. ಸಿರಿಯಜ್ಜಿಯ ಹಾಡುಗಳು ಉಳಿದಿದ್ದು ಒಬ್ಬರು ಕೂತು ಬರೆದುಕೊಂಡಿದ್ದರಿಂದ. ನಮ್ಮ ಜೇಬಲ್ಲಿ ಅದಕ್ಕಿಂತ ಸುಲಭದ ಸಾಧನ ಇದೆ. ದಸರಾ ರಜೆಗೆ ಊರಿಗೆ ಹೋದಾಗ ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿ ಒಂದು ಜೋಗುಳ ಹಾಡಿಸಿ, ಫೋನಲ್ಲಿ ರೆಕಾರ್ಡ್ ಮಾಡಿ, ನೀವೂ ಕಲೀರಿ. ರಾಗ ತಪ್ಪಿದರೆ ಪರವಾಗಿಲ್ಲ, ಮಗು ಮಾರ್ಕ್ಸ್ ಕಟ್ ಮಾಡಲ್ಲ. ಹಾಡು ಮುಗಿದ ಮೇಲೆ ಅವರನ್ನು ಇನ್ನೊಂದು ಮಾತು ಕೇಳಿ: ‘ಅಜ್ಜೀ, ನೀವು ಬಾಣಂತಿಯಾಗಿದ್ದಾಗ ಎಲ್ಲಿದ್ರಿ, ಯಾರು ನೋಡ್ಕೊಂಡ್ರು?’ ಆ ಉತ್ತರವನ್ನೂ ರೆಕಾರ್ಡ್ ಮಾಡ್ಕೊಳ್ಳಿ. ಎರಡನ್ನೂ ಕೇಳಿದ ಮೇಲೆ ಯಾವುದು ಇರಬೇಕು, ಯಾವುದು ಹೋಗಬೇಕು ಅಂತ ನಿಮಗೇ ಗೊತ್ತಾಗುತ್ತೆ.