ಹೆಸರಿಲ್ಲದ ಸರಕಿನ ಅಂಗಡಿ

ಹೂಲಿಯಿಂದ ಸವದತ್ತಿ ಸಂತೆಗೆ ಹೋದವರಿಗೆ ಗೊತ್ತು: ಇಡೀ ಅಕ್ಕಿಗೊಂದು ದರ, ನುಚ್ಚಕ್ಕಿಗೊಂದು ದರ. ಹೊಟ್ಟೆಗೆ ಎರಡೂ ಒಂದೇ, ಆದರೂ ನುಚ್ಚು ಅಗ್ಗ. ಜಪಾನಿನ ‘ಮುಜಿ’ ಮಳಿಗೆಗಳು ಹುಟ್ಟಿದ್ದು ಇದೇ ಲೆಕ್ಕದ ಮೇಲೆ.

ಸೆಯಿಬು ಡಿಪಾರ್ಟ್‌ಮೆಂಟ್ ಸ್ಟೋರ್ ಬಳಗಕ್ಕೆ ಸೇರಿದ್ದ ಸೆಯು ಎಂಬ ಸೂಪರ್‌ಮಾರ್ಕೆಟ್ 1980ರಲ್ಲಿ 40 ಸರಕುಗಳನ್ನು ಬ್ರ್ಯಾಂಡ್ ಹೆಸರಿಲ್ಲದೆ ಮಾರಾಟಕ್ಕಿಟ್ಟಿತು. ಒಣ ಅಣಬೆಯ ಚೂರುಗಳು ಅದರಲ್ಲೊಂದು. ಅಡುಗೆಗೆ ಹೇಗೂ ಹೆಚ್ಚುತ್ತೇವೆ, ಮುರಿದಿದ್ದರೇನು? ಆರಿಸುವ, ಚಂದದ ಪೊಟ್ಟಣ ಕಟ್ಟುವ ಖರ್ಚು ಉಳಿಯಿತು, ಬೆಲೆ ಇಳಿಯಿತು. ಯಾಕೆ ಅಗ್ಗ ಎಂಬುದನ್ನೂ ಗಿರಾಕಿಗೆ ತಿಳಿಸಿದರು. ‘ಮುಜಿರುಶಿ’ ಎಂದರೆ ಗುರುತಿಲ್ಲದ್ದು. ಅದರ ಮೊಟಕು ರೂಪವೇ ಮುಜಿ.

1983ರಲ್ಲಿ ಟೋಕಿಯೊದಲ್ಲಿ ಸ್ವಂತ ಅಂಗಡಿ, 1991ರಲ್ಲಿ ಲಂಡನ್ ಮಳಿಗೆ. 2016ರಲ್ಲಿ ರಿಲಯನ್ಸ್ ಜೊತೆಗೂಡಿ ಮುಂಬೈಗೆ, ಬಳಿಕ ನಮ್ಮ ಬೆಂಗಳೂರಿಗೂ ಬಂತು.

ಇಲ್ಲಿ ಲೆಕ್ಕ ತಿರುಗುತ್ತದೆ. ಕಡಲು ದಾಟುವ ಸರಕಿಗೆ ಸಾಗಣೆ, ಆಮದು ಸುಂಕ, ಮಾಲ್ ಬಾಡಿಗೆ ಎಲ್ಲ ಸೇರುತ್ತದೆ. ಜಪಾನಿನ ಸಾಮಾನ್ಯ ಮನೆಯ ದಿನಬಳಕೆಯ ವಸ್ತು ನಮ್ಮಂಥವರಿಗೆ ದುಬಾರಿ. ಹೆಸರೇ ಬೇಡ ಎಂದು ಹೊರಟ ಅಂಗಡಿಗೆ ಈಗ ಜನ ಹೆಸರು ನೋಡಿಯೇ ಹೋಗುತ್ತಾರೆ. ದ್ವಿತೀಯ ಪಿಯು ವಾಣಿಜ್ಯದವರೇ, ಬ್ರ್ಯಾಂಡಿನ ಪಾಠ ಬಂದಾಗ ಈ ಉದಾಹರಣೆಯನ್ನೂ ತರಗತಿಯಲ್ಲಿ ಎತ್ತಿ ನೋಡಿ.