ಪ್ರಾಥಮಿಕ ಶಾಲೆಯ ವಿಜ್ಞಾನಬೋಧನೆಗೆ ಅಂತರಜಾಲದ ಸಾಮಗ್ರಿ: ಕನ್ನಡ ನುಡಿಯ ದೃಷ್ಟಿಯಿಂದ ಒಂದು ವಿಚಾರ

ಹುಬ್ಬಳ್ಳಿ-ಧಾರವಾಡದ ಕನ್ನಡ ಶಾಲೆಗಳಲ್ಲಿ ವಿಜ್ಞಾನದ ಪಾಠವು ಐದನೆಯ ತರಗತಿಯವರೆಗೆ ‘ಪರಿಸರ ಅಧ್ಯಯನ’ವೆಂಬ ಹೆಸರಿನಿಂದಲೂ ಆರನೆಯದರಿಂದ ಮುಂದೆ ‘ವಿಜ್ಞಾನ’ವೆಂಬ ಹೆಸರಿನಿಂದಲೂ ನಡೆಯುತ್ತದೆ. ಈ ಪಾಠಕ್ಕೆ ಬೇಕಾದ ಚಿತ್ರ, ಚಲಚ್ಚಿತ್ರ, ಪ್ರಯೋಗವಿವರಣೆಗಳು ಈಗ ಅಂತರಜಾಲದಲ್ಲಿ ವಿಪುಲವಾಗಿ ದೊರೆಯುತ್ತಿವೆ. ಅವು ಮಕ್ಕಳ ಮನಸ್ಸನ್ನು ಮುಟ್ಟುವದು ಭಾಷೆಯ ಮೂಲಕವೇ ಆದ್ದರಿಂದ, ವಿಜ್ಞಾನಿಗಳಷ್ಟೇ ಅಲ್ಲದೆ ಪಂಡಿತರೂ ಸಾಹಿತ್ಯದ ಉಪಾಧ್ಯಾಯರೂ ವಿಚಾರಿಸಬೇಕಾದ ಅಂಶವೊಂದು ಇದರಲ್ಲಿದೆ.

ಈ ಪ್ರಶ್ನೆಯು ಧಾರವಾಡಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳನ್ನು ಬೆಳೆಯಿಸಿದಾಗಲೂ, ವೆಂಕಟ ರಂಗೋ ಕಟ್ಟಿಯವರು ಗ್ರಂಥರಚನೆಗೆ ತೊಡಗಿದಾಗಲೂ, ಹೊಸ ವಿಷಯಕ್ಕೆ ಕನ್ನಡದ ಮಾತನ್ನು ಹೊಂದಿಸುವದೇ ಮುಖ್ಯ ಕೆಲಸವಾಗಿದ್ದಿತು. 1890ರಲ್ಲಿ ಸ್ಥಾಪಿತವಾದ ಕರ್ನಾಟಕ ವಿದ್ಯಾವರ್ಧಕ ಸಂಘವು ಕನ್ನಡದಲ್ಲಿ ಉತ್ತಮ ಗ್ರಂಥಗಳು ಹುಟ್ಟಬೇಕೆಂಬದನ್ನು ತನ್ನ ಉದ್ದೇಶಗಳಲ್ಲಿ ಒಂದನ್ನಾಗಿ ಇಟ್ಟುಕೊಂಡಿತು. ಬೆಂಗಳೂರಿನಲ್ಲಿ 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಇವರು ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯೂ, 1978ರಲ್ಲಿ ಆರಂಭವಾದ ‘ಬಾಲವಿಜ್ಞಾನ’ವೂ ಇದೇ ದಾರಿಯಲ್ಲಿ ನಡೆದವು. ಸಾಧನವು ಬದಲಾಗಿದೆ, ಸಮಸ್ಯೆಯು ಉಳಿದಿದೆ.

ಈಗಿನ ಸಾಧನಗಳಲ್ಲಿ ನಾಲ್ಕನ್ನು ಹೆಸರಿಸಬಹುದು. 2017ರ ಸೆಪ್ಟೆಂಬರದಲ್ಲಿ ಆರಂಭವಾದ ಕೇಂದ್ರ ಸರಕಾರದ ‘ದೀಕ್ಷಾ’ ಎಂಬದರಲ್ಲಿ, ಪಠ್ಯಪುಸ್ತಕದೊಳಗೆ ಅಚ್ಚಾದ ಕ್ಯೂ.ಆರ್. ಸಂಕೇತಕ್ಕೆ ಮೊಬೈಲನ್ನು ಹಿಡಿದರೆ ಆ ಪಾಠದ ಸಾಮಗ್ರಿಯು ತೆರೆಯುತ್ತದೆ. ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ತಾಣವು ಉಪಾಧ್ಯಾಯರ ಸಹಕಾರದಿಂದ ಬೆಳೆದದ್ದು. ಅರವಿಂದ ಗುಪ್ತಾ ಅವರ ತಾಣದಲ್ಲಿ ಕಸದಿಂದ ಆಟಿಗೆಗಳನ್ನು ಮಾಡಿ ವಿಜ್ಞಾನದ ತತ್ತ್ವಗಳನ್ನು ತೋರಿಸುವ ವಿಧಾನವಿದೆ. ಭೌತಶಾಸ್ತ್ರದ ನೊಬೆಲ್ ಪಾರಿತೋಷಕವನ್ನು 2001ರಲ್ಲಿ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಅಮೇರಿಕೆಯ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ತೊಡಗಿಸಿದ ‘ಫೆಟ್’ ಯೋಜನೆಯಲ್ಲಿ, ವಿದ್ಯಾರ್ಥಿಯು ತಾನೇ ಉಷ್ಣತೆಯನ್ನು ಏರಿಸಿ ಇಳಿಸಿ, ಘನ, ದ್ರವ, ಅನಿಲಗಳ ಕಣಗಳು ಹೇಗೆ ಚಲಿಸುವವೆಂಬದನ್ನು ತೆರೆಯ ಮೇಲೆ ನೋಡಬಹುದು. ಅದರೊಳಗಿನ ಮಾತುಗಳನ್ನು ಯಾವ ಭಾಷೆಯವರಾದರೂ ತಮ್ಮ ನುಡಿಗೆ ತರಲು ಅಲ್ಲಿ ಅವಕಾಶವಿದೆ.

ತೊಡಕು ಇರುವದು ಈ ಅನುವಾದದಲ್ಲಿಯೇ. ಒಂದು ಉದಾಹರಣೆಯು ಸಾಕು. ಕಾಸಿದರೆ ತುಪ್ಪವು ಕರಗುತ್ತದೆ. ನೀರಿನಲ್ಲಿ ಹಾಕಿದರೆ ಸಕ್ಕರೆಯೂ ಕರಗುತ್ತದೆ. ಮೊದಲನೆಯದು ಒಂದೇ ವಸ್ತುವು ಶಾಖದಿಂದ ಘನರೂಪವನ್ನು ಬಿಟ್ಟು ದ್ರವರೂಪವನ್ನು ತಾಳುವದು. ಎರಡನೆಯದು ಒಂದು ವಸ್ತುವು ಇನ್ನೊಂದರಲ್ಲಿ ಬೆರೆತು ದ್ರಾವಣವಾಗುವದು. ಇಂಗ್ಲಿಷಿನಲ್ಲಿ ಇವೆರಡಕ್ಕೆ ಎರಡು ಕ್ರಿಯಾಪದಗಳುಂಟು. ಕನ್ನಡದ ಆಡುಮಾತಿನಲ್ಲಿ ಒಂದೇ. ಆದುದರಿಂದ ಈ ಭೇದವನ್ನು ತಿಳಿಸುವದಕ್ಕೆಂದೇ ತೆಗೆದ ಚಲಚ್ಚಿತ್ರಕ್ಕೆ ಎಚ್ಚರವಿಲ್ಲದೆ ಕನ್ನಡದ ಮಾತನ್ನು ಕೂಡಿಸಿದರೆ, ತಿಳಿಸಬೇಕಾದ ಭೇದವೇ ಅಳಿದುಹೋಗುವದು. ಇಲ್ಲಿ ‘ದ್ರವವಾಗು’, ‘ವಿಲೀನವಾಗು’ ಎಂಬ ಶಾಸ್ತ್ರೀಯ ಪದಗಳು ಅವಶ್ಯವಾಗುತ್ತವೆ.

ಇದಕ್ಕೆ ವಿಪರೀತವಾದ ಉದಾಹರಣೆಯೂ ಉಂಟು. ಆವಿಯು ತಣಿದು ನೀರಾಗುವದನ್ನು ಕೆಲವರು ‘ಸಾಂದ್ರೀಕರಣ’ವೆಂದೂ ಕೆಲವರು ‘ಘನೀಕರಣ’ವೆಂದೂ ಬರೆಯುತ್ತಾರೆ. ದ್ರವವು ಗಟ್ಟಿಯಾಗುವದಕ್ಕೂ ‘ಘನೀಕರಣ’ವೆಂಬ ಹೆಸರುಂಟು. ‘ಘನ’ವೆಂದರೆ ಗಟ್ಟಿಯಾದದ್ದೆಂದು ಹಿಂದಿನ ಪಾಠದಲ್ಲಿ ಕಲಿತ ಬಾಲಕನು ಮುಚ್ಚಳದ ಒಳಮೈಯ ನೀರಹನಿಗೆ ಆ ಹೆಸರನ್ನು ಕೇಳಿ ಗೊಂದಲಕ್ಕೆ ಒಳಗಾಗುವದು ಸಹಜ. ಆಡುನುಡಿಯಾದರೋ ‘ಹನಿಗಟ್ಟು’, ‘ಹೆಪ್ಪುಗಟ್ಟು’ ಎಂದು ಈ ಎರಡನ್ನು ಸ್ಪಷ್ಟವಾಗಿ ಬೇರ್ಪಡಿಸುತ್ತದೆ. ಆದ್ದರಿಂದ ಸಂಸ್ಕೃತಪದವೇ ಶ್ರೇಷ್ಠ, ಇಲ್ಲವೆ ದೇಶ್ಯವೇ ಶ್ರೇಷ್ಠವೆಂಬ ಹಟವು ಇಲ್ಲಿ ನಿಲ್ಲುವದಿಲ್ಲ. ಭೇದವನ್ನು ಕಾಯುವ ಪದವೇ ಗ್ರಾಹ್ಯ.

ಪದದಂತೆ ಪದಾರ್ಥವೂ ನೆಲಕ್ಕೆ ಹೊಂದಬೇಕು. ಮಣ್ಣಿನ ಪಾಠದ ಸಾಮಗ್ರಿಯು ಸಾಮಾನ್ಯವಾಗಿ ಮರಳುಮಣ್ಣು, ಜೇಡಿಮಣ್ಣು ಎಂಬ ವಿಭಾಗವನ್ನು ಹೇಳುತ್ತದೆ. ಧಾರವಾಡ ಜಿಲ್ಲೆಯ ಮಕ್ಕಳು ಬಲ್ಲದ್ದಾದರೋ ಎರೆ ಮತ್ತು ಮಸಾರಿ. ಪಶ್ಚಿಮದ ಅಳ್ನಾವರ, ಕಲಘಟಗಿಗಳ ಕಡೆಗೆ ಕೆಂಪು ನೆಲ. ಪೂರ್ವದ ನವಲಗುಂದ, ಅಣ್ಣಿಗೇರಿಗಳ ಕಡೆಗೆ ಕರಿಯ ಎರೆ. ತಳದಲ್ಲಿ ತೂತುಗಳಿರುವ ಎರಡು ಡಬ್ಬಿಗಳಲ್ಲಿ ಇವೆರಡನ್ನು ಪುಡಿಮಾಡಿ ಸಮನಾಗಿ ತುಂಬಿ, ಸಮನಾಗಿ ನೀರು ಹೊಯ್ದರೆ, ಮಸಾರಿಯು ನೀರನ್ನು ಬೇಗನೆ ಇಳಿಯಗೊಡುವದು, ಎರೆಯು ತಡೆಹಿಡಿಯುವದು. ಎರೆಯ ಸೂಕ್ಷ್ಮವಾದ ಜೇಡಿಕಣಗಳು ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಗೆಯಲ್ಲಿ ಎರೆಹೊಲವು ಬಿರಿಯುವದಕ್ಕೂ, ಹಿಂಗಾರಿಯ ಜೋಳವು ಮಳೆ ನಿಂತ ಮೇಲೆಯೂ ಬೆಳೆಯುವದಕ್ಕೂ ಕಾರಣವು ಇದರಿಂದಲೇ ತಿಳಿಯುತ್ತದೆ. ದೂರದ ಚಲಚ್ಚಿತ್ರವು ಪ್ರಯೋಗದ ಕ್ರಮವನ್ನು ತೋರಿಸೀತು. ಮಣ್ಣನ್ನೂ ಅದರ ಹೆಸರನ್ನೂ ಶಾಲೆಯೇ ಒದಗಿಸಬೇಕು.

ಮೇಲೆ ಹೇಳಿದ ಸಾಮಗ್ರಿಯಲ್ಲಿ ಬಹುಭಾಗವು ಮುಕ್ತ ಪರವಾನಗಿಯಲ್ಲಿ ಇರುವದು ಒಂದು ಮಹತ್ವದ ಸಂಗತಿ. ಮೂಲಕರ್ತರ ಹೆಸರನ್ನು ಹೇಳಿ, ಪರವಾನಗಿಯ ನಿಯಮಕ್ಕೆ ಅನುಸಾರವಾಗಿ ಅದನ್ನು ತಿದ್ದಿ ಹಂಚಬಹುದು. ಅಚ್ಚಾದ ಪುಸ್ತಕದಲ್ಲಿ ತಪ್ಪಿದ ಪದವು ಮುಂದಿನ ಮುದ್ರಣದವರೆಗೂ ಉಳಿಯುತ್ತಿದ್ದಿತು, ಇಲ್ಲಿ ಹಾಗಿಲ್ಲ. ಆದರೆ ತಿದ್ದುವ ಅಧಿಕಾರವು ದೊರೆತಷ್ಟರಿಂದಲೇ ತಿದ್ದುವ ಸಾಮರ್ಥ್ಯವು ಬರಲಾರದು. ವಿಜ್ಞಾನದ ಉಪಾಧ್ಯಾಯನು ವಸ್ತುವಿನ ಭೇದವನ್ನು ಹೇಳಬೇಕು. ಕನ್ನಡದ ಉಪಾಧ್ಯಾಯನು ಅದನ್ನು ಕಾಯುವ ಮಾತನ್ನು ಜನರ ನುಡಿಯಿಂದಲೂ ಕೋಶಗಳಿಂದಲೂ ಆರಿಸಿಕೊಡಬೇಕು. ಒಂದೊಂದು ಪಾಠಕ್ಕೆ ಹತ್ತು ಪದಗಳನ್ನಾದರೂ ಇಬ್ಬರೂ ಕೂಡಿ ನಿಶ್ಚಯಿಸಿದರೆ, ಅಂತರಜಾಲದ ಸಂಪತ್ತು ಕನ್ನಡ ಮಕ್ಕಳ ತಿಳಿವಾಗಿ ಪರಿಣಮಿಸುವದು. ಅಲ್ಲಿಯ ವರೆಗೆ ಅದು ಕಣ್ಣಿಗೆ ಹಬ್ಬವಾದೀತೇ ಹೊರತು ಬುದ್ಧಿಗೆ ಆಹಾರವಾಗಲಾರದು.